ವಸಂತದಲ್ಲಿ ಹೊರಟುಹೋಗುವ ಹಕ್ಕಿಗಳು

ವಸಂತ ಬಂದಿತೆಂದರೆ ಹಕ್ಕಿಗಳು ಬಂದವೆಂದು ನಾವೆಲ್ಲರೂ ಪುಸ್ತಕಗಳಲ್ಲಿ ಓದಿರುವೆವು. ಹಿಮ ಬೀಳುವ ದೇಶಗಳ ಮಟ್ಟಿಗೆ ಈ ಮಾತು ನಿಜ. ಅಲ್ಲಿ ಚಳಿಗಾಲದುದ್ದಕ್ಕೂ ಮೂಕವಾಗಿದ್ದ ಬಯಲು ಹಿಮ ಕರಗಿದೊಡನೆ ಹಕ್ಕಿಗಳ ದನಿಯಿಂದ ತುಂಬುವುದು. ಆದರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಈ ಸೀಮೆಯ ಎರೆಹೊಲಗಳ ನಡುವೆ ವಾಸಿಸುವ ನಮ್ಮ ಮಟ್ಟಿಗೆ ವಸಂತವು ಬೇರೆಯೇ ಒಂದು ಕಾಲ. ಜೋಳದ ರಾಶಿ ಮುಗಿದು, ಕೆರೆಯ ನೀರು ಹಿಂದೆ ಸರಿದು, ಮುತ್ತುಗ ಹೂ ಬಿಟ್ಟು, ಬೇವು ಚಿಗುರುವ ಈ ದಿನಗಳಲ್ಲಿ ನಮ್ಮ ಚಳಿಗಾಲದ ಅತಿಥಿಗಳು ಒಂದೊಂದಾಗಿ ಎದ್ದು ಹೋಗುತ್ತವೆ. ಅವು ಬಂದುದನ್ನು ಬಹುಮಂದಿ ನೋಡುತ್ತಾರೆ. ಹೋದುದನ್ನು ನೋಡಿದವರು ವಿರಳ. ಹೀಗೆ ಹೋಗುವುದನ್ನು ಗಮನಿಸಿ ಬರೆದಿಡುವುದು ಹೇಗೆ, ಬರೆದಿಟ್ಟರೆ ಪ್ರಯೋಜನವೇನು ಎಂಬುದನ್ನು ನಮ್ಮ ಶಾಲೆಯ ಸ್ವಲ್ಪ ಅನುಭವದಿಂದ ಇಲ್ಲಿ ತಿಳಿಸಲು ಯತ್ನಿಸಿದ್ದೇವೆ.

೧. ಅತಿಥಿಗಳು ಯಾರು, ಮನೆಯವರು ಯಾರು?

ಮೊದಲು ಒಂದು ಭೇದವನ್ನು ಅರಿತುಕೊಳ್ಳಬೇಕು. ಗುಬ್ಬಿ, ಕಾಗೆ, ಗೊರವಂಕ, ಟಿಟ್ಟಿಭ, ಗಿಳಿ ಮುಂತಾದವು ವರ್ಷವಿಡೀ ನಮ್ಮ ಊರಿನಲ್ಲಿಯೇ ಇದ್ದು ಇಲ್ಲಿಯೇ ಮರಿ ಮಾಡುತ್ತವೆ. ಇವು ಮನೆಯವರು. ಪಟ್ಟೆತಲೆಯ ಹೆಬ್ಬಾತು, ಗುಲಾಬಿ ಕಬ್ಬಕ್ಕಿ, ಸೆಳೆವ, ಸಿಪಿಲೆ ಮುಂತಾದವು ಶರತ್ಕಾಲದಲ್ಲಿ ಬಂದು ವಸಂತದಲ್ಲಿ ಹೋಗುತ್ತವೆ. ಅವುಗಳ ಗೂಡು, ಮೊಟ್ಟೆ, ಮರಿಗಳೆಲ್ಲ ದೂರದ ಉತ್ತರ ದೇಶಗಳಲ್ಲಿ. ಇವು ಅತಿಥಿಗಳು.

ಕೋಗಿಲೆಯ ವಿಷಯದಲ್ಲಿ ಅನೇಕರು ತಪ್ಪು ತಿಳಿದಿರುವರು. ಚೈತ್ರದಲ್ಲಿ ಅದರ ದನಿ ಕೇಳಿದೊಡನೆ ಕೋಗಿಲೆ ಬಂತು ಎನ್ನುವುದುಂಟು. ವಾಸ್ತವವಾಗಿ ಅದು ಎಲ್ಲಿಂದಲೂ ಬಂದುದಲ್ಲ. ಚಳಿಗಾಲದಲ್ಲಿ ಹೆಚ್ಚಾಗಿ ಮೌನವಾಗಿದ್ದು, ಎಲೆಗಳ ಮರೆಯಲ್ಲಿ ಕುಳಿತು ನಮ್ಮ ಕಣ್ಣು ತಪ್ಪಿಸಿಕೊಂಡಿತ್ತು. ಈಗ ಬಾಯಿ ತೆರೆಯಿತು, ಅಷ್ಟೆ. ಇದಕ್ಕೆ ವಿರುದ್ಧವಾಗಿ ಚಾತಕ ಪಕ್ಷಿಯು ನಿಜವಾಗಿಯೂ ಪ್ರವಾಸಿ. ಆದರೆ ಅದು ಬರುವುದು ವಸಂತದಲ್ಲಲ್ಲ. ಮುಂಗಾರಿನ ಗಾಳಿಯೊಡನೆ ಆಫ್ರಿಕಾ ಖಂಡದ ಕಡೆಯಿಂದ. ಹೀಗೆ ಕಿವಿ ಹೇಳಿದುದನ್ನೆಲ್ಲ ನಂಬದೆ ವರ್ಷವಿಡೀ ನೋಡಿದ ಮೇಲೆಯೇ ನಿರ್ಣಯಕ್ಕೆ ಬರಬೇಕು. ಇದೇ ವಿಜ್ಞಾನದ ಮೊದಲ ಪಾಠ.

೨. ಏಕೆ ಹೋಗುತ್ತವೆ? ಹೇಗೆ ತಿಳಿಯುತ್ತದೆ?

ಉತ್ತರ ದೇಶಗಳ ಬೇಸಗೆಯಲ್ಲಿ ಹಗಲು ಬಹಳ ದೀರ್ಘವಾಗಿರುವುದು. ಹುಳುಹುಪ್ಪಟೆ, ಹುಲ್ಲು, ಬೀಜ ಇವು ಒಮ್ಮೆಲೇ ಹೇರಳವಾಗಿ ದೊರೆಯುತ್ತವೆ. ಮರಿಗಳಿಗೆ ಉಣಿಸಲು ತಾಯಿತಂದೆಗಳಿಗೆ ಹೆಚ್ಚು ಹೊತ್ತು ಸಿಗುತ್ತದೆ. ಅದೇ ಕಾಲಕ್ಕೆ ನಮ್ಮಲ್ಲಿ ಕೆರೆಗಳು ಬತ್ತಿ, ನೆಲ ಬಿರಿದು, ಆಹಾರ ಕಡಿಮೆಯಾಗುವುದು. ಚಳಿಗಾಲದಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಆದುದರಿಂದ ಹಕ್ಕಿ ಎರಡೂ ನಾಡುಗಳ ಒಳ್ಳೆಯ ಕಾಲವನ್ನು ಆರಿಸಿಕೊಂಡು ನಡುವಿನ ದಾರಿಯ ಕಷ್ಟವನ್ನು ಸಹಿಸುತ್ತದೆ.

ಸಾವಿರಾರು ಮೈಲಿಗಳಾಚೆ ಹಿಮ ಕರಗಲಿರುವುದು ನಮ್ಮೂರಿನ ಕೆರೆಯಲ್ಲಿರುವ ಹಕ್ಕಿಗೆ ತಿಳಿಯುವುದೆಂತು? ಅದಕ್ಕೆ ಪಂಚಾಂಗ ಸೂರ್ಯನೇ. ನಮ್ಮ ಸೀಮೆಯಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು ಸುಮಾರು 11 ಗಂಟೆ. ಮಾರ್ಚ್ 21ರ ಹೊತ್ತಿಗೆ ಸುಮಾರು 12 ಗಂಟೆ. ದಿನಕ್ಕೆ ಒಂದೆರಡು ನಿಮಿಷಕ್ಕಿಂತ ಹೆಚ್ಚಿಲ್ಲದ ಈ ಬೆಳವಣಿಗೆಯನ್ನು ಹಕ್ಕಿಯ ಶರೀರವು ಗುರುತಿಸುತ್ತದೆ. ಕೆನಡಾ ದೇಶದ ವಿಲಿಯಂ ರೋವನ್ ಎಂಬ ವಿಜ್ಞಾನಿ 1920ರ ದಶಕದಲ್ಲಿ ಕೊರೆಯುವ ಚಳಿಯಲ್ಲಿ ಪಂಜರದ ಹಕ್ಕಿಗಳಿಗೆ ವಿದ್ಯುದ್ದೀಪದ ಬೆಳಕಿನಿಂದ ಹಗಲನ್ನು ದೀರ್ಘಗೊಳಿಸಿ ನೋಡಿದರು. ಹೊರಗೆ ಚಳಿ ಹಾಗೆಯೇ ಇದ್ದರೂ ಆ ಹಕ್ಕಿಗಳ ಶರೀರದಲ್ಲಿ ವಸಂತದ ಬದಲಾವಣೆಗಳು ಕಾಣಿಸಿಕೊಂಡವು. ಕಾರಣವಾದುದು ಸೆಕೆಯಲ್ಲ, ಬೆಳಕು ಎಂಬುದು ಇದರಿಂದ ಸ್ಪಷ್ಟವಾಯಿತು.

ಹೊರಡುವ ಮುನ್ನ ಹಕ್ಕಿ ಹೆಚ್ಚು ತಿಂದು ಚರ್ಮದಡಿಯಲ್ಲಿ ಕೊಬ್ಬನ್ನು ಕೂಡಿಸಿಕೊಳ್ಳುತ್ತದೆ. ಈ ಕೊಬ್ಬೇ ಅದರ ದಾರಿಯ ಬುತ್ತಿ. ಸೂರ್ಯ, ನಕ್ಷತ್ರಗಳು, ಭೂಮಿಯ ಅಯಸ್ಕಾಂತ ಶಕ್ತಿ ಇವು ಅದಕ್ಕೆ ದಿಕ್ಕು ತೋರಿಸುತ್ತವೆ. ಪಯಣಕಾಲ ಸಮೀಪಿಸಿದಾಗ ಪಂಜರದಲ್ಲಿರುವ ಹಕ್ಕಿಯೂ ರಾತ್ರಿಯಲ್ಲಿ ನಿದ್ರಿಸದೆ, ತಾನು ಹೋಗಬೇಕಾದ ದಿಕ್ಕಿಗೇ ಮತ್ತೆ ಮತ್ತೆ ಕುಪ್ಪಳಿಸುವುದು.

೩. ನಮ್ಮ ನಾಲ್ವರು ಅತಿಥಿಗಳು

ಪಟ್ಟೆತಲೆಯ ಹೆಬ್ಬಾತು: ಬೂದುಬಣ್ಣದ ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ತೂಕ ಎರಡು ಮೂರು ಕಿಲೋ. ಹಗಲಿನಲ್ಲಿ ಕೆರೆಯ ದಂಡೆಯ ಮೇಲೆ ವಿಶ್ರಮಿಸಿ, ಸಂಜೆ ಕತ್ತಲಾಗುತ್ತಿರುವಾಗ ಹೊಲಗಳಿಗೆ ಮೇಯಲು ಹೋಗುವುದುಂಟು. ಟಿಬೆಟ್, ಮಂಗೋಲಿಯಾ ಮೊದಲಾದ ಎತ್ತರದ ನಾಡುಗಳ ಸರೋವರಗಳು ಇದರ ತವರು. ಅಲ್ಲಿಗೆ ತಲುಪಲು ಹಿಮಾಲಯವನ್ನು ದಾಟಲೇಬೇಕು. ಈ ಹಕ್ಕಿಗಳ ಬೆನ್ನಿಗೆ ಚಿಕ್ಕ ಯಂತ್ರಗಳನ್ನು ಕಟ್ಟಿ ನಡೆಸಿದ ಶೋಧನೆಯೊಂದು 2011ರಲ್ಲಿ ಪ್ರಕಟವಾಯಿತು. ವಸಂತದಲ್ಲಿ ಇವು ಬಯಲುಸೀಮೆಯಿಂದ ಹೊರಟು, ಬೆನ್ನ ಹಿಂದಿನ ಗಾಳಿಯ ನೆರವನ್ನು ಕಾಯದೆ, ಕೇವಲ ಏಳೆಂಟು ಗಂಟೆಗಳಲ್ಲಿ ಹಿಮಾಲಯವನ್ನು ಏರಿ ದಾಟಬಲ್ಲವೆಂದು ಅದರಿಂದ ತಿಳಿಯಿತು. ಮುಂದೆ ಕೆಲವು ಹಕ್ಕಿಗಳು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಲ್ಲಿನ ತೆಳುವಾದ ಗಾಳಿಯಲ್ಲಿ ನಾವಾದರೆ ನಾಲ್ಕು ಹೆಜ್ಜೆ ನಡೆದು ಕುಳಿತುಬಿಡುವೆವು. ಹೆಬ್ಬಾತಿನ ರಕ್ತವು ಅಷ್ಟು ವಿರಳವಾದ ಆಮ್ಲಜನಕವನ್ನೂ ಹಿಡಿದುಕೊಳ್ಳುವ ಗುಣವನ್ನು ಪಡೆದಿದೆ.

ಗುಲಾಬಿ ಕಬ್ಬಕ್ಕಿ: ಮರಾಠಿಯಲ್ಲಿ ಇದನ್ನು ಭೋರಡಿ ಎನ್ನುವರು. ಜೋಳದ ಹೊಲದಲ್ಲಿ ಮಂಚಿಗೆಯ ಮೇಲೆ ನಿಂತು ಕವಣೆ ಬೀಸಿದ ಯಾವ ಹುಡುಗನಿಗೂ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಸೀತನಿಯ ಕಾಲದಲ್ಲಿ ಮೋಡದಂತೆ ಬಂದು ತೆನೆಗಳ ಮೇಲೆ ಇಳಿಯುವ ಹಿಂಡು ಇದೇ. ಶ್ರಾವಣದ ಹೊತ್ತಿಗೇ ಮೊದಲ ಹಿಂಡುಗಳು ಬರಲಾರಂಭಿಸಿ, ಏಪ್ರಿಲ್‌ನಲ್ಲಿ ಹೊರಡುತ್ತವೆ. ಆ ಹೊತ್ತಿಗೆ ದೊಡ್ಡ ಹಕ್ಕಿಗಳ ಮಾಸಿದ ಮೈ ಬೆಳಗಿ, ತಲೆ ರೆಕ್ಕೆಗಳು ಕಪ್ಪಾಗಿ, ಬೆನ್ನು ಹೊಟ್ಟೆಗಳು ಗುಲಾಬಿ ಬಣ್ಣಕ್ಕೆ ತಿರುಗಿರುತ್ತವೆ. ಮುತ್ತುಗ, ಬೂರುಗದ ಹೂಗಳಲ್ಲಿ ಮಕರಂದ ಹೀರುತ್ತಿರುವಾಗ ಇವುಗಳನ್ನು ನೋಡಿರಿ. ಇವು ಮರಿ ಮಾಡುವುದು ಮಧ್ಯ ಏಷ್ಯದ ಕಲ್ಲುರಾಶಿಗಳ ಸಂದುಗಳಲ್ಲಿ. ಅಲ್ಲಿ ಇವುಗಳ ಮುಖ್ಯ ಆಹಾರ ಮಿಡತೆ. ಚೀನಾ ದೇಶದ ಶಿಂಜಿಯಾಂಗ್ ಪ್ರಾಂತದಲ್ಲಿ ಮಿಡತೆಗಳನ್ನು ತಡೆಯುವುದಕ್ಕಾಗಿಯೇ ಕಲ್ಲುಗಳನ್ನು ಪೇರಿಸಿ ಈ ಹಕ್ಕಿಗಳಿಗೆ ಗೂಡಿನ ಸ್ಥಳ ಮಾಡಿಕೊಡುವರು. ನಾವು ಕವಣೆ ಬೀಸಿ ಓಡಿಸುವ ಹಕ್ಕಿಯನ್ನು ಅವರು ಕಲ್ಲು ಪೇರಿಸಿ ಕರೆಯುತ್ತಾರೆ! ಕಲ್ಲು ಎರಡೂ ಕಡೆ ಒಂದೇ, ಉಪಯೋಗ ಬೇರೆ. ಆದರೂ ನಮ್ಮ ರೈತನ ಮೇಲೆ ದೋಷ ಹೊರಿಸುವಂತಿಲ್ಲ, ತೆನೆ ಅವನ ಅನ್ನ. ಇಲ್ಲಿಯೂ ಈ ಹಕ್ಕಿ ಹುಳು ಮಿಡತೆಗಳನ್ನು ತಿನ್ನುತ್ತದೆಂಬುದನ್ನು ಮಾತ್ರ ಮರೆಯದಿರೋಣ.

ಸೆಳೆವ: ಹೊಲದ ಮೇಲೆ ಆಳೆತ್ತರದಲ್ಲಿ, ಏನನ್ನೋ ಕಳೆದುಕೊಂಡು ಹುಡುಕುವವರಂತೆ ನಿಧಾನವಾಗಿ ತೇಲುತ್ತ ಹೋಗುವ ತೆಳ್ಳಗಿನ ಗಿಡುಗ ಜಾತಿಯ ಹಕ್ಕಿ. ಗಂಡು ಬೂದು ಬಣ್ಣ. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿಯ ಪಟ್ಟಿ. ಇದಕ್ಕೆ ಮರ ಬೇಡ. ರಾತ್ರಿಯಲ್ಲಿ ಹುಲ್ಲುಗಾವಲಿನ ನೆಲದ ಮೇಲೆಯೇ ಗುಂಪಾಗಿ ಮಲಗುವುದು. ಮಿಡತೆ, ಓತಿ, ಇಲಿ, ಚಿಕ್ಕ ಹಕ್ಕಿಗಳು ಇದರ ಆಹಾರ. ಹುಲ್ಲುಗಾವಲು ಹೊಲವಾದಂತೆ, ಹೊಲಕ್ಕೆ ಔಷಧದ ಸಿಂಪರಣೆ ಹೆಚ್ಚಿದಂತೆ ಇದರ ಸಂಖ್ಯೆ ಇಳಿಯುತ್ತ ಬಂದಿದೆ.

ಸಿಪಿಲೆ: ಸುಮಾರು 20 ಗ್ರಾಂ ತೂಕದ, ಸದಾ ಬಾಲ ಕುಣಿಸುವ ಪುಟ್ಟ ಹಕ್ಕಿ. ಬಿಳಿ, ಹಳದಿ, ಬೂದು ಎಂದು ಹಲವು ಬಗೆ. ಕೆರೆಯ ದಂಡೆ, ನೀರು ಹಾಯಿಸಿದ ಹೊಲ, ನಮ್ಮ ಶಾಲೆಯ ನೀರಿನ ತೊಟ್ಟಿಯ ಸುತ್ತ ಇವು ಇದರ ಆಟದ ಬಯಲು. ಇದೇ ಗುಂಪಿನ ದೊಡ್ಡ ಸಿಪಿಲೆಯೊಂದು ಮಾತ್ರ ವರ್ಷವಿಡೀ ಇಲ್ಲಿರುವ ಮನೆಯ ಹಕ್ಕಿ. ಆದುದರಿಂದ ಬರೆಯುವಾಗ ಯಾವ ಸಿಪಿಲೆ ಎಂಬುದನ್ನು ಸರಿಯಾಗಿ ನೋಡಬೇಕು.

೪. ನಾವು ಮಾಡಿದ ತಪ್ಪು

ನಮ್ಮ ಶಾಲೆಯಲ್ಲಿ ಹಕ್ಕಿಗಳ ದಾಖಲೆ ಪುಸ್ತಕವನ್ನು ಮೊದಲು ಆರಂಭಿಸಿದ ವರ್ಷ ಮಕ್ಕಳು ಉತ್ಸಾಹದಿಂದ ಬರೆದರು. ಹೆಬ್ಬಾತು ಬಂದ ದಿನಕ್ಕೆ ಕೆಂಪು ಶಾಯಿಯ ಗೆರೆ ಬಿತ್ತು. ಆದರೆ ವರ್ಷದ ಕೊನೆಗೆ ಅದು ಯಾವ ದಿನ ಹೋಯಿತೆಂದು ನೋಡಹೋದರೆ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಒಂದು ದಿನ ಹೆಬ್ಬಾತುಗಳಿದ್ದವು. ಹದಿನೈದು ದಿನಗಳ ಅನಂತರ ಬರೆದ ಪುಟದಲ್ಲಿ ಬರಿಯ ಸಿಪಿಲೆಯ ಹೆಸರಿತ್ತು. ನಡುವಿನ ಪುಟಗಳು ಖಾಲಿ. ಪರೀಕ್ಷೆಯ ಗಡಿಬಿಡಿಯಲ್ಲಿ ನಾವೂ ವಿಚಾರಿಸಿರಲಿಲ್ಲ; ತಪ್ಪು ಮಕ್ಕಳದಕ್ಕಿಂತ ಹೆಚ್ಚಾಗಿ ನಮ್ಮದೇ.

ಕೆಲವು ದಿನಗಳ ಬಳಿಕ ಪಾಲಕರ ಸಭೆಗೆ ಬಂದ ವೃದ್ಧೆಯೊಬ್ಬರ ಮುಂದೆ ಈ ಮಾತು ಬಂದಿತು. ಆಕೆ ನಕ್ಕು, “ಹೋಳಿ ಹುಣ್ಣಿವಿ ಆಗಿ ಮೂರನೇ ದಿನಾ ರಾತ್ರಿ ಹಾದು ಹ್ವಾದ್ವಲ್ಲರೀ ಮಾಸ್ತರ. ನಾ ಅಂಗಳದಾಗ ಮಲಗಿದ್ದೆ, ಮ್ಯಾಲ ದನಿ ಕೇಳಿಸ್ತು. ನೀವು ಕೇಳಲಿಲ್ಲ, ನಾ ಹೇಳಲಿಲ್ಲ” ಎಂದರು. ಬಿ.ಎ., ಬಿ.ಟಿ. ಪದವಿಗಳನ್ನು ಪಡೆದ ನಮಗೆ ತಿಳಿಯದ ಸಂಗತಿ ಅಕ್ಷರ ಬಾರದ ಆ ತಾಯಿಗೆ ತಿಥಿಸಹಿತ ತಿಳಿದಿತ್ತು.

ಇದರಿಂದ ಎರಡು ಪಾಠಗಳನ್ನು ಕಲಿತೆವು. ಒಂದು, ಹಿರಿಯರನ್ನು ಕೇಳಬೇಕು. ಎರಡನೆಯದು ಸ್ವಲ್ಪ ಸೂಕ್ಷ್ಮವಾದುದು. ಹಕ್ಕಿ ಬಂದ ದಿನ ಅದೇ ದಿನವೇ ತಿಳಿಯುತ್ತದೆ. ಕಣ್ಣೆದುರಿಗೆ ಹೊಸದೊಂದು ಕಾಣುವುದು. ಹೋದ ದಿನ ಹಾಗಲ್ಲ. ಇಂದು ಕಂಡ ಹಕ್ಕಿ ಕೊನೆಯ ಬಾರಿಗೆ ಕಂಡಿತೆಂದು ಇಂದು ಹೇಳಲು ಸಾಧ್ಯವಿಲ್ಲ. ನಾಳೆ, ನಾಡಿದ್ದು, ಆಮೇಲೆ ಒಂದು ವಾರ ನೋಡಿ, ಕಾಣಲಿಲ್ಲ ಎಂದು ಪ್ರತಿದಿನ ಬರೆದಾಗ ಮಾತ್ರ ಆ ದಿನ ಕೊನೆಯದಾಗಿತ್ತೆಂಬುದು ಹಿಂದಿರುಗಿ ನೋಡಿದಾಗ ಗೊತ್ತಾಗುತ್ತದೆ. ಮರುವರ್ಷ ಈ ನಿಯಮವನ್ನು ಮಾಡಿದಾಗ ಒಬ್ಬ ಹುಡುಗ, “ಸರ, ಕಾಣಲಾರದ ಹಕ್ಕಿ ಹೆಸರು ಯಾಕ ಬರೀಬೇಕ್ರೀ?” ಎಂದು ಕೇಳಿದ. ತರಗತಿಯ ಹಾಜರಿ ಪುಸ್ತಕವನ್ನು ತೆರೆದು ತೋರಿಸಿದೆವು. ಬಾರದ ಮಗುವಿನ ಹೆಸರಿನ ಮುಂದೆಯೂ ಗುರುತು ಹಾಕುತ್ತೇವಷ್ಟೆ? ಹಾಕದಿದ್ದರೆ ಆ ಮಗು ಬರಲಿಲ್ಲವೋ, ಮಾಸ್ತರರು ನೋಡಲಿಲ್ಲವೋ ಎಂಬುದು ಹೇಗೆ ತಿಳಿಯಬೇಕು? ಹುಡುಗನಿಗೆ ಅರ್ಥವಾಯಿತು.

೫. ಬರೆದಿಡದೆ ಹೋದ ಒಂದು ಹಕ್ಕಿ

ಕಾಣಲಿಲ್ಲ ಎಂದು ಬರೆಯುವ ಮಾತು ಎಷ್ಟು ಬೆಲೆಯುಳ್ಳದ್ದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಂದು ದೃಷ್ಟಾಂತವಿದೆ. ಕನ್ನಡದಲ್ಲಿ ಎರ್ಲಡ್ಡು ಎಂದೂ ಮರಾಠಿಯಲ್ಲಿ ಮಾಳಢೋಕ ಎಂದೂ ಕರೆಯುವ ದೊಡ್ಡ ಹಕ್ಕಿ ಈ ಸೀಮೆಯ ಹುಲ್ಲುಗಾವಲುಗಳಲ್ಲಿತ್ತು. ಅದು ಉತ್ತರ ದೇಶಗಳಿಂದ ಬಂದ ಅತಿಥಿಯಲ್ಲ. ನಮ್ಮ ದೇಶದ್ದೇ ಹಕ್ಕಿ. ಹಾರುವ ಹಕ್ಕಿಗಳಲ್ಲಿ ಅತಿ ಭಾರವಾದವುಗಳಲ್ಲಿ ಒಂದು. ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮೊಟ್ಟೆಯಿಡುವುದು. ಅದರ ರಕ್ಷಣೆಗಾಗಿ ಸೊಲ್ಲಾಪುರದ ಹತ್ತಿರದ ನಾನ್ನಜದಲ್ಲಿ 1979ರಲ್ಲಿ ಅಭಯಾರಣ್ಯವೇರ್ಪಟ್ಟಿತು. ಇಂದು ಅಲ್ಲಿಯೂ ಅದು ಕಾಣುವುದು ಬಹಳ ಅಪರೂಪ.

ನಮ್ಮ ಊರಿನ ಗೋಮಾಳದಲ್ಲಿ ಎರ್ಲಡ್ಡನ್ನು ಕಂಡಿದ್ದೇವೆಂದು ಹಿರಿಯರು ಹೇಳುವರು. ಕೊನೆಯ ಬಾರಿ ಯಾವಾಗ ಕಂಡಿರಿ ಎಂದು ಕೇಳಿದರೆ ಒಬ್ಬರು ಬರಗಾಲದ ಹಿಂದಿನ ವರ್ಷ ಎನ್ನುವರು, ಇನ್ನೊಬ್ಬರು ಮಗಳ ಮದುವೆಯ ವರ್ಷ ಎನ್ನುವರು, ಮೂರನೆಯವರಿಗೆ ನೆನಪಿಲ್ಲ. ಅದು ಬಂದಿಲ್ಲವೆಂದು ಆಗ ಯಾರೂ ಬರೆಯಲಿಲ್ಲ. ನಾಳೆ ಬಂದೀತು ಎಂದುಕೊಂಡರು. ಹೀಗೆ ನಾಳೆ ನಾಳೆ ಎನ್ನುವುದರಲ್ಲಿಯೇ ಒಂದು ಹಕ್ಕಿ ನಮ್ಮ ಊರನ್ನು ಬಿಟ್ಟುಹೋಯಿತು. ಸೆಳೆವದ ವಿಷಯದಲ್ಲಿ ಹಾಗಾಗಬಾರದು. ಅದು ಮಾರ್ಚ್ ಏಪ್ರಿಲ್‌ಗಳಲ್ಲಿ ಹೋಗುವುದು ಸಹಜ. ಆದರೆ ಹೋದದ್ದು ದಸರೆಯ ಹೊತ್ತಿಗೆ ಮರಳಿ ಬಂದಿತೇ ಎಂಬುದನ್ನು ನೋಡುವವರು ಬೇಕು.

೬. ಹಕ್ಕಿ ಬರುವಾಗ ಹೋಗುವ ಮಕ್ಕಳು

ಹಾಜರಿ ಪುಸ್ತಕದ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಪಾಲಕರಿಗೆ ಹೇಳಬೇಕಾಗಿದೆ. ನಮ್ಮ ಸೀಮೆಯ ಅನೇಕ ಕುಟುಂಬಗಳು ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಸಕ್ಕರೆ ಕಾರಖಾನೆಗಳ ಕಡೆಗೆ ಹೋಗಿ, ಹಂಗಾಮು ಮುಗಿದ ಮೇಲೆ ಯುಗಾದಿಯ ಆಸುಪಾಸಿನಲ್ಲಿ ಹಿಂದಿರುಗುತ್ತವೆ. ಹಕ್ಕಿಗಳು ಬರುವಾಗ ಈ ಮಕ್ಕಳು ಹೊರಡುತ್ತಾರೆ. ಹಕ್ಕಿಗಳು ಹೊರಡುವಾಗ ಇವರು ಬರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು.

ಹೀಗೆ ಹೊರಟಿದ್ದ ಏಳನೆಯ ಇಯತ್ತೆಯ ಒಬ್ಬ ಹುಡುಗಿಗೆ ಒಂದು ವರ್ಷ ನಾವು ನಲವತ್ತು ಪುಟಗಳ ನೋಟುಪುಸ್ತಕವೊಂದನ್ನು ಕೊಟ್ಟು, ಅಲ್ಲಿ ಕಂಡ ಹಕ್ಕಿಗಳನ್ನು ಬರೆಯಲು ಹೇಳಿದ್ದೆವು. ಬರೆಯುವಳೆಂಬ ಭರವಸೆ ನಮಗೆ ಹೆಚ್ಚಾಗಿರಲಿಲ್ಲ. ಯುಗಾದಿಯಾಗಿ ಐದಾರು ದಿನಗಳ ಮೇಲೆ ಆಕೆ ಮರಳಿ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಕಬ್ಬಿನ ಮಸಿ ಹತ್ತಿದ ಪುಟಗಳು. ನೀರು ಬಿಟ್ಟ ಹೊಲದಲ್ಲಿ ಹಳದಿ ಸಿಪಿಲೆ; ತಂತಿಯ ಮೇಲೆ ಕವಲು ಬಾಲದ ಹಕ್ಕಿ; ಕೆಲವು ದಿನ ತಮ್ಮನಿಗೆ ಜ್ವರ ಬಂದುದರಿಂದ ನೋಡಲಿಲ್ಲ ಎಂಬ ಬರಹ. ಕೊನೆಯ ಪುಟಗಳಲ್ಲಿ ಒಂಬತ್ತು ದಿನ ಒಂದೇ ಸಾಲು: ಬಿಳಿ ಸಿಪಿಲೆ ಕಾಣಲಿಲ್ಲ. ನೋಡದ ದಿನವನ್ನೂ ಕಾಣದ ದಿನವನ್ನೂ ಆಕೆ ಬೇರೆ ಬೇರೆಯಾಗಿ ಬರೆದಿದ್ದಳು. ಶಾಲೆಯಲ್ಲಿ ಕುಳಿತ ಮಕ್ಕಳಲ್ಲಿ ಯಾರೂ ಅಷ್ಟು ಶುದ್ಧವಾದ ದಾಖಲೆಯನ್ನು ಇಟ್ಟಿರಲಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಹಾಜರಿ ಪುಸ್ತಕವು ಆಕೆ ಇಲ್ಲವೆಂದಷ್ಟೇ ಹೇಳಿತ್ತು. ಎಲ್ಲಿದ್ದಾಳೆ, ಏನು ಕಲಿಯುತ್ತಿದ್ದಾಳೆ ಎಂಬುದನ್ನು ಹೇಳಿರಲಿಲ್ಲ.

ಹೊಟ್ಟೆಪಾಡಿಗಾಗಿ ಹೋಗುವವರನ್ನು ಹೋಗಬೇಡಿರೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಸಾಧ್ಯವಿದ್ದವರು ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟು ಹೋಗಿರಿ. ಬಿಡಲಾಗದವರು ಹೊರಡುವ ದಿನವನ್ನೂ ಹೋಗುವ ಊರನ್ನೂ ಶಾಲೆಗೆ ತಿಳಿಸಿರಿ. ಅಲ್ಲಿಯ ಶಾಲೆಗೆ ಕಳಿಸಲು ಬೇಕಾದ ಕಾಗದವನ್ನು ಬರೆದುಕೊಡುವೆವು. ಹಂಗಾಮು ಮುಗಿದೊಡನೆ ಒಂದು ದಿನವೂ ತಡೆಯದೆ ಮಕ್ಕಳನ್ನು ನಮ್ಮಲ್ಲಿಗೆ ಮರಳಿ ಕಳಿಸಿರಿ. ಹೆಸರನ್ನು ನಾವು ಹೊಡೆದುಹಾಕುವುದಿಲ್ಲ.

೭. ದಾಖಲೆಯನ್ನು ಇಡುವ ಕ್ರಮ

ಒಂದೇ ಸ್ಥಳವನ್ನು ಆರಿಸಿಕೊಂಡು ಪ್ರತಿದಿನ ಒಂದೇ ಹೊತ್ತಿನಲ್ಲಿ ಹದಿನೈದು ನಿಮಿಷ ನೋಡಬೇಕು. ತಾರೀಖು, ಹೊತ್ತು, ಸ್ಥಳ, ಹಕ್ಕಿಯ ಹೆಸರು, ಎಣಿಕೆ ಇವನ್ನು ಅಲ್ಲಿಯೇ ಬರೆಯಬೇಕು. ಮನೆಗೆ ಬಂದು ನೆನಪಿನಿಂದ ಬರೆಯಬಾರದು. ಹೆಸರು ತಿಳಿಯದಿದ್ದರೆ ಬಣ್ಣ, ಗಾತ್ರ, ಕೊಕ್ಕು, ನಡಿಗೆಗಳನ್ನು ಬರೆದರೆ ಸಾಕು, ಊಹಿಸಿ ಹೆಸರಿಡಬಾರದು. ಕಂಡಿತು, ಕಾಣಲಿಲ್ಲ, ನೋಡಲಿಲ್ಲ ಈ ಮೂರು ಮಾತುಗಳನ್ನು ಬೆರೆಸಬಾರದು. ಹಿರಿಯರು ತಿಥಿಯಲ್ಲಿ ಹೇಳಿದುದನ್ನು ಪಂಚಾಂಗ ನೋಡಿ ತಾರೀಖಿಗೆ ತಂದುಕೊಳ್ಳಬೇಕು. ಗೂಡು, ಮೊಟ್ಟೆಗಳನ್ನು ಮುಟ್ಟಬಾರದು. ಮಲಗಿದ ಹಿಂಡನ್ನು ಎಬ್ಬಿಸಬಾರದು. ದೂರ ಪ್ರಯಾಣಕ್ಕೆಂದು ಕೊಬ್ಬು ಕೂಡಿಸುತ್ತಿರುವ ಹಕ್ಕಿಯನ್ನು ಸುಮ್ಮನೆ ಹಾರಿಸುವುದೆಂದರೆ ದಾರಿಹೋಕನ ಬುತ್ತಿಯನ್ನು ಕಸಿದುಕೊಂಡಂತೆ.

ಇಂತಹ ಚಿಕ್ಕ ದಾಖಲೆಗಳಿಂದ ಏನಾದೀತು ಎನ್ನಬೇಡಿರಿ. 1883ರಲ್ಲಿ ಸ್ಥಾಪಿತವಾದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಸಲೀಂ ಅಲಿಯವರ ನೇತೃತ್ವದಲ್ಲಿ 1959ರಿಂದ ವಲಸೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕಾರ್ಯವನ್ನು ಕೈಕೊಂಡಿತು. ಕಾಲಿಗೆ ಉಂಗುರವಿರುವ ಹಕ್ಕಿ ಸತ್ತು ಬಿದ್ದುದು ಕಂಡರೆ ಅದರ ಮೇಲಿನ ಅಂಕಿಗಳನ್ನು ಬರೆದುಕೊಂಡು ನಮಗೆ ತೋರಿಸಿರಿ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದಲ್ಲಿ 2007ರಲ್ಲಿ ಆರಂಭವಾದ ‘ಮೈಗ್ರಂಟ್‌ವಾಚ್’ ಎಂಬ ಯೋಜನೆಯು ಹಕ್ಕಿ ಮೊದಲು ಕಂಡ ದಿನ, ಕೊನೆಗೆ ಕಂಡ ದಿನ ಎಂಬ ಇವೇ ಎರಡು ಸಂಗತಿಗಳನ್ನು ಸಾಮಾನ್ಯ ಜನರಿಂದ ಕೇಳಿ ಸಂಗ್ರಹಿಸಿತು. ಇಂದು ಮೊಬೈಲ್ ಫೋನಿನಿಂದಲೇ ‘ಈಬರ್ಡ್’ ಎಂಬ ದಾಖಲೆ ಭಂಡಾರಕ್ಕೆ ಇವನ್ನು ಕಳಿಸಬಹುದು. ಮಳೆ, ಸೆಕೆಗಳ ಕ್ರಮ ಬದಲಾಗುತ್ತಿರುವ ಈ ಕಾಲದಲ್ಲಿ ಹಕ್ಕಿಗಳು ಮೊದಲಿಗಿಂತ ಬೇಗ ಹೋಗುತ್ತಿವೆಯೇ, ತಡವಾಗಿ ಬರುತ್ತಿವೆಯೇ ಎಂಬುದಕ್ಕೆ ಅನೇಕ ಊರುಗಳ ಅನೇಕ ವರ್ಷಗಳ ಬರಹವೇ ಉತ್ತರ ಹೇಳಬೇಕು. ನಮ್ಮ ಊರಿನ ಸಾಲನ್ನು ನಮ್ಮವರಲ್ಲದೆ ಇನ್ನಾರೂ ಬರೆಯಲಾರರು.

ಅಭ್ಯಾಸ

1. ಕೋಗಿಲೆಯು ಚೈತ್ರದಲ್ಲಿ ಬರುತ್ತದೆ ಎಂಬ ಮಾತು ಏಕೆ ತಪ್ಪು? ಚಾತಕದೊಡನೆ ಹೋಲಿಸಿ ಬರೆಯಿರಿ.
2. ಗುಲಾಬಿ ಕಬ್ಬಕ್ಕಿಯು ವರ್ಷದಲ್ಲಿ ಹೆಚ್ಚು ತಿಂಗಳು ನಮ್ಮಲ್ಲಿಯೇ ಇರುತ್ತದೆ. ಹಾಗಾದರೆ ಅದರ ಊರು ಯಾವುದು? ನಿಮ್ಮ ಅಭಿಪ್ರಾಯವನ್ನು ಕಾರಣಸಹಿತ ತಿಳಿಸಿರಿ.
3. ಕಾಣಲಿಲ್ಲ ಮತ್ತು ನೋಡಲಿಲ್ಲ ಇವೆರಡಕ್ಕೆ ಭೇದವೇನು?
4. ನಿಮ್ಮ ಮನೆಯ ಹಿರಿಯರು ಮೊದಲು ಕಂಡು ಈಗ ಕಾಣದಿರುವ ಒಂದು ಹಕ್ಕಿಯ ಹೆಸರನ್ನು, ಕೊನೆಗೆ ಕಂಡ ವರ್ಷವನ್ನು ಕೇಳಿ ಬರೆದುಕೊಂಡು ಬನ್ನಿರಿ.
5. ಬರುವ ಫಾಲ್ಗುಣ ಶುದ್ಧ ಪಾಡ್ಯದಿಂದ ವೈಶಾಖ ಹುಣ್ಣಿಮೆಯವರೆಗೆ ಒಂದು ಹಕ್ಕಿಯನ್ನು ಆರಿಸಿಕೊಂಡು ಪ್ರತಿದಿನ ದಾಖಲೆ ಇಡಿರಿ. ಬೇರೆ ಊರಿಗೆ ಹೋಗುವವರು ಹೊರಡುವ ಮುನ್ನ ಶಾಲೆಯಿಂದ ನೋಟುಪುಸ್ತಕವನ್ನು ಕೇಳಿ ಪಡೆಯಿರಿ.